ಸಿಂಪ್ಸನ್ಸ್‌ನ ಆಪು: ಕಂಠ ಬದಲಾಗಬೇಕಿತ್ತೇ, ಪಾತ್ರವೇ ಮೌನವಾಗಬೇಕಿತ್ತೇ?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ)

ನಮಸ್ಕಾರ. ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯಲ್ಲಿ ಕ್ವಿಕ್-ಇ-ಮಾರ್ಟ್ ಎಂಬ ಅಂಗಡಿ ನಡೆಸುವ ಆಪು ನಹಸಪೀಮಪೆಟಿಲನ್ ಪಾತ್ರದ ಕುರಿತು ಇಲ್ಲಿನ ಓದುಗರ ಅಭಿಪ್ರಾಯ ಕೇಳಬೇಕೆಂದಿದ್ದೇನೆ. 1990ರಲ್ಲಿ ಮೊದಲ ಬಾರಿಗೆ ತೆರೆಗೆ ಬಂದ ಈ ಪಾತ್ರಕ್ಕೆ ಸುಮಾರು ಮೂವತ್ತು ವರ್ಷ ಕಂಠದಾನ ಮಾಡಿದ ಹ್ಯಾಂಕ್ ಅಜೇರಿಯಾ ಅವರು 2020ರ ಜನವರಿಯಲ್ಲಿ ತಾವು ಇನ್ನು ಮುಂದೆ ಆ ಕೆಲಸ ಮಾಡುವುದಿಲ್ಲವೆಂದು ತಿಳಿಸಿದರು. ಆಮೇಲೆ ಆಪು ಆಗೊಮ್ಮೆ ಈಗೊಮ್ಮೆ ಗುಂಪಿನ ನಡುವೆ ಕಾಣಿಸಿಕೊಳ್ಳುತ್ತಾನೆಯೇ ಹೊರತು ಬಾಯಿ ಬಿಡುವುದಿಲ್ಲ.

ನಾವು ಮೈಸೂರಿನಲ್ಲಿ ಓದುತ್ತಿದ್ದಾಗ ಸ್ಟಾರ್ ವರ್ಲ್ಡ್ ವಾಹಿನಿಯಲ್ಲಿ ಇದನ್ನು ನೋಡಿ ಮನಸಾರೆ ನಗುತ್ತಿದ್ದೆವು. ಅಮೆರಿಕದ ಕಾರ್ಯಕ್ರಮವೊಂದರಲ್ಲಿ ಗಣೇಶನ ಮೂರ್ತಿ ಇಟ್ಟುಕೊಂಡಿರುವ ಒಬ್ಬ ಮನುಷ್ಯ ಇದ್ದಾನೆ ಎಂಬುದೇ ನಮಗೆ ಹೆಮ್ಮೆಯಾಗಿತ್ತು. ಇಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಮಾತ್ರ ಅವನನ್ನು ಕಂಡರೆ ಸಿಟ್ಟು ಬರುತ್ತದೆ. ‘ಥ್ಯಾಂಕ್ ಯೂ, ಕಮ್ ಅಗೇನ್’ ಎಂಬ ಅವನ ಮಾತನ್ನು ಅವನದೇ ಧಾಟಿಯಲ್ಲಿ ಅವಳ ಮುಖಕ್ಕೆ ಎಸೆದ ಸಹಪಾಠಿಗಳಿದ್ದರಂತೆ. ಒಂದೇ ಪಾತ್ರ ನಮಗೆ ಒಂದು ಬಗೆಯಲ್ಲಿ, ಮಕ್ಕಳಿಗೆ ಇನ್ನೊಂದು ಬಗೆಯಲ್ಲಿ ತಾಗಿದ್ದೇಕೆ? ಅಂಗಡಿಯವನು ಭಾರತೀಯನಾಗಬೇಕೆಂದು, ಅವನು ಹಾಗೆಯೇ ಮಾತನಾಡಬೇಕೆಂದು ಮೊದಲು ನಿರ್ಧರಿಸಿದವರು ಯಾರು? ಕೊನೆಗೆ ಅವನನ್ನು ಮೂಕನನ್ನಾಗಿಸಿದ್ದು ನ್ಯಾಯವೇ? ದಯವಿಟ್ಟು ತಿಳಿದವರು ವಿವರವಾಗಿ ಬರೆಯಬೇಕು.

ಉತ್ತರ 1 (ಬೆಂಗಳೂರಿನಿಂದ)

ತಮ್ಮ ಪ್ರಶ್ನೆಗಳಲ್ಲಿ ಆ ಧಾಟಿ ಎಲ್ಲಿಂದ ಬಂತು ಎಂಬುದಕ್ಕೆ ಮೊದಲು ಉತ್ತರಿಸುತ್ತೇನೆ. ಧಾರಾವಾಹಿಯ ಹಿರಿಯ ಬರಹಗಾರರಲ್ಲಿ ಒಬ್ಬರಾದ ಮೈಕ್ ರೀಸ್ ಅವರ ಹೇಳಿಕೆಯಂತೆ, ಅಂಗಡಿಯವನನ್ನು ಭಾರತೀಯನನ್ನಾಗಿ ಮಾಡುವುದು ಆಗಲೇ ಸವಕಲಾದ ಹಾಸ್ಯವೆಂದು ಅವರು ಅದನ್ನು ಬೇಡವೆಂದೇ ಬಿಟ್ಟಿದ್ದರು. ಆದರೆ ನಟರೆಲ್ಲ ಮೇಜಿನ ಸುತ್ತ ಕುಳಿತು ಸಂಭಾಷಣೆ ಓದುವಾಗ ಅಜೇರಿಯಾ ಅಂಗಡಿಯವನ ಪುಟ್ಟ ಮಾತನ್ನು ಭಾರತೀಯ ಧಾಟಿಯಲ್ಲಿ ಓದಿದರು, ಇಡೀ ಕೊಠಡಿ ನಕ್ಕಿತು, ಅಲ್ಲಿಗೆ ಪಾತ್ರ ನಿಂತಿತು. ಅಜೇರಿಯಾ ಹೇಳಿದ ಕಥೆ ಸ್ವಲ್ಪ ಬೇರೆ: ಭಾರತೀಯ ಧಾಟಿ ಬರುತ್ತದೆಯೇ, ಬಂದರೆ ಅದನ್ನು ಎಷ್ಟು ಅವಮಾನಕರವಾಗಿ ಮಾಡಬಲ್ಲೆ ಎಂದು ತಮ್ಮನ್ನು ಕೇಳಿದ್ದರು ಎಂದು ಅವರು ಒಮ್ಮೆ ಹೇಳಿಕೊಂಡಿದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ವಿಷಯ ಸ್ಪಷ್ಟವಾಗುತ್ತದೆ. ನಗು ಹುಟ್ಟಿದ್ದು ಧಾಟಿಯಿಂದ. ಆ ಧಾಟಿಗೆ ಒಬ್ಬ ಮನುಷ್ಯನನ್ನು ಕಟ್ಟಿದ್ದು ಆಮೇಲೆ.

ಆ ಧಾಟಿಯೂ ಯಾವುದೇ ಭಾರತೀಯನ ನಾಲಗೆಯಿಂದ ನೇರವಾಗಿ ಬಂದದ್ದಲ್ಲ. 1968ರ ‘ದಿ ಪಾರ್ಟಿ’ ಚಿತ್ರದಲ್ಲಿ ಇಂಗ್ಲಿಷ್ ನಟ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಹೃಂಡಿ ಬಕ್ಷಿ ಎಂಬ ಪಾತ್ರ ಮಾಡಿದ್ದರು, ಅದರಿಂದ ತಾವು ಪ್ರೇರಣೆ ಪಡೆದದ್ದಾಗಿ ಅಜೇರಿಯಾ ತಿಳಿಸಿದ್ದಾರೆ. ಅಂದರೆ ಅನುಕರಣೆಯ ಅನುಕರಣೆ. ಹೆಸರನ್ನು ಸತ್ಯಜಿತ್ ರಾಯ್ ಅವರ ಚಿತ್ರಗಳ ನಾಯಕ ಅಪುವಿನಿಂದ ತೆಗೆದುಕೊಂಡರು. ಆ ಹೆಸರಿಗೆ ತೋರಿದ ಗೌರವವನ್ನು ದನಿಗೂ ತೋರಿದ್ದರೆ ನಾವು ಇಂದು ಈ ಚರ್ಚೆ ಮಾಡಬೇಕಾಗಿರಲಿಲ್ಲವೆಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಇಷ್ಟಾದರೂ ಬರವಣಿಗೆಯಲ್ಲಿ ಆಪುವಿಗೆ ಸಿಕ್ಕಿದ್ದನ್ನು ಮರೆಯಬಾರದು. 1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ದಾಖಲೆಯಿಲ್ಲದ ವಲಸಿಗರಿಗೆ ಸರ್ಕಾರಿ ಶಾಲೆ ಮತ್ತು ಆರೋಗ್ಯ ಸೇವೆಗಳನ್ನು ನಿರಾಕರಿಸುವ 187ನೇ ಪ್ರಸ್ತಾವನೆಯನ್ನು ಅಂಗೀಕರಿಸಿದ್ದರು. ಅದನ್ನೇ ಹಿನ್ನೆಲೆಯಾಗಿಟ್ಟುಕೊಂಡು 1996ರ ಮೇ ತಿಂಗಳಿನಲ್ಲಿ ಪ್ರಸಾರವಾದ ‘ಮಚ್ ಆಪು ಅಬೌಟ್ ನಥಿಂಗ್’ ಕಂತಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ಊರಿಗೆ ಕರಡಿಯೊಂದು ನುಗ್ಗುತ್ತದೆ, ಜನ ಹೆದರಿ ಕರಡಿ ಕಾವಲು ಪಡೆ ಬೇಕೆನ್ನುತ್ತಾರೆ, ಅದಕ್ಕಾಗಿ ತೆರಿಗೆ ಏರಿದಾಗ ಗೊಣಗುತ್ತಾರೆ. ಆಗ ಮೇಯರ್ ಸಾಹೇಬರು ತೆರಿಗೆ ಏರಿದ್ದಕ್ಕೆ ವಲಸಿಗರೇ ಕಾರಣ ಎಂದುಬಿಡುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಬಂದು, ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಓದಿನ ಸಾಲ ತೀರಿಸಲು ಅಂಗಡಿ ಸೇರಿ, ಸಾಲ ತೀರಿದ ಮೇಲೂ ಊರಿನ ಸ್ನೇಹಕ್ಕೆ ಸೋತು ಉಳಿದ ಆಪು ಈಗ ಗಡೀಪಾರಿನ ಅಂಚಿನಲ್ಲಿ ನಿಲ್ಲುತ್ತಾನೆ. ಖೋಟಾ ಕಾಗದ ಕೊಂಡು, ಕೌಬಾಯ್ ಟೋಪಿ ಹಾಕಿಕೊಂಡು, ಅಮೆರಿಕನ್ ಧಾಟಿಯಲ್ಲಿ ಮಾತನಾಡಲು ಹೆಣಗಿ, ಕೊನೆಗೆ ತಂದೆತಾಯಿಯರನ್ನು ನೆನೆದು ಆ ವೇಷ ತನ್ನಿಂದಾಗದು ಎಂದು ಕುಸಿಯುತ್ತಾನೆ. ಪೌರತ್ವದ ಪರೀಕ್ಷೆಯಲ್ಲಿ ಅಂತರ್ಯುದ್ಧಕ್ಕೆ ಕಾರಣವೇನೆಂದು ಕೇಳಿದಾಗ ಅವನು ಒಂದೊಂದೇ ಕಾರಣವನ್ನು ಬಿಡಿಸಿ ಹೇಳತೊಡಗುತ್ತಾನೆ; ಗುಲಾಮಗಿರಿ ಎಂದಷ್ಟೇ ಹೇಳಿದರೆ ಸಾಕು ಎಂದು ಅಧಿಕಾರಿಯೇ ಅವನನ್ನು ತಡೆಯುತ್ತಾನೆ. ಆ ದೃಶ್ಯದಲ್ಲಿ ನಗೆ ಆಪುವಿನ ಮೇಲೆ ಬೀಳುವುದಿಲ್ಲ. ವಲಸಿಗನೊಬ್ಬನ ಕಲಿಕೆಯನ್ನು ಅಷ್ಟು ಗೌರವದಿಂದ ತೋರಿಸಿದ ಹಾಸ್ಯ ದೃಶ್ಯಗಳು ಆ ಕಾಲದ ಅಮೆರಿಕದ ದೂರದರ್ಶನದಲ್ಲಿ ವಿರಳ.

ಉತ್ತರ 2 (ನ್ಯೂ ಜೆರ್ಸಿಯಿಂದ)

ನಮ್ಮ ಭಾವನವರು ಇಂಥದ್ದೇ ಅಂಗಡಿಯ ಫ್ರಾಂಚೈಸಿ ಹಿಡಿದು ನಡೆಸುತ್ತಿದ್ದಾರೆ, ನಾನೂ ಬಿಡುವಿದ್ದಾಗ ಗಲ್ಲಾದಲ್ಲಿ ಕುಳಿತದ್ದುಂಟು. ಆದ್ದರಿಂದ ಪಾತ್ರದ ದನಿಗಿಂತ ಅಂಗಡಿಯ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಈ ಚರ್ಚೆಗಳಲ್ಲಿ ಅಂಗಡಿಯ ವಿಚಾರ ಬರುವುದೇ ಇಲ್ಲ.

ಅಮೆರಿಕದಲ್ಲಿ ಭಾರತೀಯರು ಇಷ್ಟು ಸಂಖ್ಯೆಯಲ್ಲಿ ನೆಲೆಸಲು ದಾರಿ ತೆರೆದದ್ದು 1965ರ ವಲಸೆ ಕಾಯಿದೆ. ಮೊದಲು ಬಂದವರಲ್ಲಿ ವೈದ್ಯರೂ ಎಂಜಿನಿಯರುಗಳೂ ಹೆಚ್ಚಿದ್ದರು. ಅವರ ಹಿಂದೆ ಬಂದ ಅಣ್ಣತಮ್ಮಂದಿರು, ಬಂಧುಗಳು ಮೋಟೆಲ್, ಪೆಟ್ರೋಲ್ ಬಂಕ್, ಸಣ್ಣ ಅಂಗಡಿಗಳನ್ನು ಹಿಡಿದರು. ಗುಜರಾತಿನವರು, ಪಂಜಾಬಿನವರು ಇದರಲ್ಲಿ ಮುಂದೆ, ಕನ್ನಡಿಗರು ಕಡಿಮೆ. ಊರಿನಲ್ಲಿ ಪಡೆದ ಪದವಿಗೆ ಇಲ್ಲಿ ಬೆಲೆ ಸಿಗದಿದ್ದಾಗ ಮನೆಮಂದಿಯ ದುಡಿಮೆಯನ್ನೇ ಬಂಡವಾಳ ಮಾಡಿಕೊಂಡು ನಿಲ್ಲಲು ಈ ವ್ಯಾಪಾರ ಒದಗುತ್ತದೆ. ಹಾಗಾಗಿ ಡಾಕ್ಟರೇಟ್ ಪಡೆದವನು ಗಲ್ಲಾದಲ್ಲಿ ನಿಂತಿರುವ ಚಿತ್ರ ಕಟ್ಟುಕಥೆಯಲ್ಲ.

ನನಗೆ ನೋವಾಗುವುದು ಬೇರೆ ಎರಡು ವಿಷಯಗಳಲ್ಲಿ. ಆಪುವಿನ ಅಂಗಡಿಯಲ್ಲಿ ಹಳಸಿದ್ದನ್ನು ಮಾರುತ್ತಾರೆ ಎಂಬ ನಗೆ ಮತ್ತೆ ಮತ್ತೆ ಬರುತ್ತದೆ. 1994ರ ‘ಹೋಮರ್ ಅಂಡ್ ಆಪು’ ಕಂತಿನಲ್ಲಿ ಕೆಟ್ಟ ಮಾಂಸ ಮಾರಿದ್ದಕ್ಕೇ ಅವನ ಕೆಲಸ ಹೋಗುತ್ತದೆ. ಭಾವನವರ ಅಂಗಡಿಯಲ್ಲಿ ದಿನದ ಮೊದಲ ಕೆಲಸ ಹಾಲಿನ ಕಪಾಟಿನದು. ಹೊಸ ಡಬ್ಬಿಗಳನ್ನು ಹಿಂದಿನಿಂದ ತುಂಬಿ, ದಿನಾಂಕ ಹತ್ತಿರವಾದವನ್ನು ಮುಂದಕ್ಕೆ ಎಳೆದು, ಮುಗಿದವನ್ನು ತೆಗೆದು ಪಟ್ಟಿಯಲ್ಲಿ ಬರೆಯಬೇಕು. ಸ್ಯಾಂಡ್‌ವಿಚ್‌ಗಳಿಗೂ, ಬಿಸಿ ತಿಂಡಿಗಳಿಗೂ ಹೀಗೆಯೇ ಗಡುವು ಇದೆ. ಎಸೆದದ್ದರ ನಷ್ಟದಲ್ಲಿ ಅಂಗಡಿಯವನಿಗೂ ಪಾಲಿರುತ್ತದೆ, ಆದರೂ ಎಸೆಯುತ್ತಾರೆ. ಆರೋಗ್ಯ ಇಲಾಖೆಯ ತಪಾಸಣೆಗಿಂತ, ಕಂದು ಬಣ್ಣದವನ ಅಂಗಡಿಯಲ್ಲಿ ಹಳಸಲು ಸಿಕ್ಕಿತು ಎಂದು ಒಬ್ಬ ಗಿರಾಕಿ ಹೇಳಿಬಿಟ್ಟರೆ ಆ ಮಾತು ಎಷ್ಟು ಬೇಗ ಊರು ಸುತ್ತುತ್ತದೆ ಎಂಬ ಭಯ ಅವರಿಗೆ ದೊಡ್ಡದು.

ಇನ್ನೊಂದು, ಬಂದೂಕಿನ ನಗೆ. ಆಪುವಿನ ಅಂಗಡಿಗೆ ದರೋಡೆಕೋರರು ಬರುವುದು ಅಲ್ಲಿ ಮಾಮೂಲಿ. ಅದೇ 1994ರ ಕಂತಿನಲ್ಲಿ ಅವನ ಎದೆಯೊಳಗೆ ಮೊದಲೇ ಉಳಿದಿದ್ದ ಹಳೆಯ ಗುಂಡಿಗೆ ಹೊಸ ಗುಂಡು ತಾಗಿ ಅವನು ಬದುಕುತ್ತಾನೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ನಿಂತಿರುವವರ ಮನೆಯವರಿಗೆ ಇದು ನಗುವ ವಿಷಯವಲ್ಲ. ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿಯಾದ ನಾಲ್ಕೇ ದಿನಕ್ಕೆ, 2001ರ ಸೆಪ್ಟೆಂಬರ್ 15ರಂದು, ಆರಿಜೋನಾದ ಮೆಸಾ ಊರಿನಲ್ಲಿ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಒಬ್ಬ ಗುಂಡಿಟ್ಟು ಕೊಂದ; ಪೇಟ ಮತ್ತು ಗಡ್ಡವಷ್ಟೇ ಅವರ ಅಪರಾಧವಾಗಿತ್ತು. ಅದಾಗಿ ಆರು ವರ್ಷಕ್ಕೆ, 2007ರಲ್ಲಿ, ಸಿಂಪ್ಸನ್ಸ್ ಚಲನಚಿತ್ರದ ಪ್ರಚಾರಕ್ಕಾಗಿ ಸೆವೆನ್-ಇಲೆವೆನ್ ಕಂಪನಿ ತನ್ನ 12 ಅಂಗಡಿಗಳನ್ನು ಕ್ವಿಕ್-ಇ-ಮಾರ್ಟ್ ರೂಪಕ್ಕೆ ಬದಲಿಸಿತು, ಜನ ಸಾಲುಗಟ್ಟಿ ಫೋಟೊ ತೆಗೆಸಿಕೊಂಡರು. ಗಲ್ಲಾದ ಈಚೆ ನಿಂತವರು ಅದನ್ನು ಹೇಗೆ ಕಂಡಿರಬಹುದೆಂದು ನಾನು ಇಂದಿಗೂ ಯೋಚಿಸುತ್ತೇನೆ.

ಉತ್ತರ 3 (ಧಾರವಾಡದಿಂದ)

ಹಿರಿಯರು ಬರೆದದ್ದನ್ನು ಗೌರವದಿಂದ ಓದಿದೆ, ಆದರೂ ನನಗೆ ಒಂದು ಆಕ್ಷೇಪವಿದೆ. ಆ ಊರಿನಲ್ಲಿ ವಿಡಂಬನೆಗೆ ಸಿಗದವರು ಯಾರು? ಸ್ಕಾಟ್ಲೆಂಡಿನ ವಿಲ್ಲಿ ಸದಾ ಸಿಡುಕುವವನು, ಇಟಾಲಿಯನ್ ಮೂಲದ ಫ್ಯಾಟ್ ಟೋನಿ ಗೂಂಡಾ, ಪೊಲೀಸ್ ಮುಖ್ಯಸ್ಥ ಸೋಮಾರಿ, ಇನ್ನು ಮನೆಯ ಯಜಮಾನ ಹೋಮರ್ ಶುದ್ಧ ಪೆದ್ದ. ಇವರೆಲ್ಲರ ನಡುವೆ ದುಡಿಯುವವನು, ಓದಿದವನು, ಆಚಾರ ಬಿಡದವನು ಆಪು ಒಬ್ಬನೇ. 1995ರಲ್ಲಿ ಹೋಮರ್‌ನ ಮಗಳು ಲೀಸಾ ಮಾಂಸ ಬಿಡುವ ಕಂತಿನಲ್ಲಿ ಅವಳ ಸಂಕಟ ಅರ್ಥವಾಗುವುದು ಆಪುವಿಗೆ. ಅಂಗಡಿಯ ಮಾಳಿಗೆಯ ಮೇಲಿರುವ ತನ್ನ ತೋಟಕ್ಕೆ ಅವಳನ್ನು ಕರೆದೊಯ್ದು, ತಾನು ಹಾಲನ್ನೂ ಮುಟ್ಟುವುದಿಲ್ಲವೆಂದು ತಿಳಿಸಿ, ಹಾಗೆಂದು ಇತರರ ಮೇಲೆ ತನ್ನ ನಂಬಿಕೆಯನ್ನು ಹೇರದೆ ಸಹಿಸಿಕೊಂಡು ಬಾಳುವುದನ್ನು ಬಹಳ ಹಿಂದೆಯೇ ಕಲಿತೆ ಎನ್ನುತ್ತಾನೆ. ಬೀಟಲ್ಸ್ ತಂಡದ ಗಾಯಕ ಪಾಲ್ ಮೆಕಾರ್ಟ್ನಿ ದಂಪತಿ ಬಂದದ್ದೂ ಆ ತೋಟಕ್ಕೇ. ಇಂಥ ಪಾತ್ರವನ್ನು ಅವಮಾನವೆಂದು ಕರೆದು ಮೂಲೆಗೆ ತಳ್ಳಿದ್ದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು

ತಮ್ಮ ಮಾತು ನನಗೂ ಅರ್ಥವಾಗುತ್ತದೆ, ಮಾಳಿಗೆಯ ತೋಟದ ಆ ಕಂತು ನನಗೂ ಪ್ರಿಯವಾದದ್ದು. ಆದರೆ ಸ್ಕಾಟ್ಲೆಂಡಿನ ಧಾಟಿಯಲ್ಲಿ ಯಾರೂ ನನ್ನ ಮಗಳ ಸಹಪಾಠಿಗಳನ್ನು ಹೀಯಾಳಿಸಲಿಲ್ಲ. ಈ ವ್ಯತ್ಯಾಸವೇಕೆ ಎಂಬುದೇ ನನ್ನ ಮೂಲ ಪ್ರಶ್ನೆ.

ಉತ್ತರ 4 (ಟೊರಾಂಟೊದಿಂದ)

ವ್ಯತ್ಯಾಸ ಇರುವುದು ಉಳಿದ ಚಿತ್ರಗಳಲ್ಲಿ. ಸ್ಕಾಟ್ಲೆಂಡಿನವರನ್ನೋ ಇಟಾಲಿಯನ್ನರನ್ನೋ ನಾಯಕರಾಗಿ, ಪ್ರೇಮಿಗಳಾಗಿ, ನ್ಯಾಯಾಧೀಶರಾಗಿ, ಅಧ್ಯಕ್ಷರಾಗಿ ತೋರಿಸುವ ನೂರಾರು ಕಥೆಗಳು ಅಮೆರಿಕದ ಮನೆಗಳಿಗೆ ಬರುತ್ತಿದ್ದವು. ತೊಂಬತ್ತರ ದಶಕದಲ್ಲಿ ವಾರವಾರವೂ ಬರುತ್ತಿದ್ದ ಭಾರತೀಯ ಮುಖ ಹೆಚ್ಚುಕಡಿಮೆ ಆಪುವಿನದೊಂದೇ. ಮೈಸೂರಿನಲ್ಲೋ ಧಾರವಾಡದಲ್ಲೋ ಕುಳಿತ ನಮಗೆ ರಾಜ್‌ಕುಮಾರ್ ಇದ್ದರು, ಶಂಕರ್‌ನಾಗ್ ಇದ್ದರು. ಆಪು ನಮಗೆ ಒಂದು ತಮಾಷೆಯ ಹೆಚ್ಚುವರಿಯಾಗಿದ್ದ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತೆಲುಗು ಮೂಲದ ಮನೆಯಲ್ಲಿ ಹುಟ್ಟಿ ಬೆಳೆದ ಹಾಸ್ಯಕಲಾವಿದ ಹರಿ ಕೊಂಡಬೋಲು ಅವರು 2017ರ ನವೆಂಬರ್‌ನಲ್ಲಿ ಪ್ರಸಾರವಾದ ‘ದಿ ಪ್ರಾಬ್ಲಂ ವಿತ್ ಆಪು’ ಸಾಕ್ಷ್ಯಚಿತ್ರದಲ್ಲಿ ಇದನ್ನೇ ಹೇಳಿದರು. ಸಿಂಪ್ಸನ್ಸ್ ತಮ್ಮ ಮೆಚ್ಚಿನ ಕಾರ್ಯಕ್ರಮವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೇ ಅವರು ಮಾತನಾಡಿದ್ದಾರೆ, ಪಾತ್ರವನ್ನು ಅಳಿಸಿಹಾಕಿರೆಂದು ಅವರು ಬೇಡಲಿಲ್ಲ.

ಅದಕ್ಕೆ ಬಂದ ಉತ್ತರ ನಿರಾಶಾದಾಯಕವಾಗಿತ್ತು. 2018ರ ಏಪ್ರಿಲ್‌ನ ಕಂತೊಂದರಲ್ಲಿ ಲೀಸಾ ನೋಡುಗರತ್ತ ತಿರುಗಿ, ದಶಕಗಳ ಹಿಂದೆ ಎಲ್ಲರೂ ಮೆಚ್ಚಿದ್ದು ಈಗ ತಪ್ಪಾಗಿಬಿಟ್ಟರೆ ಏನು ಮಾಡಲಾದೀತು ಎನ್ನುವ ಅರ್ಥದ ಮಾತಾಡುತ್ತಾಳೆ, ಪಕ್ಕದಲ್ಲಿ ಆಪುವಿನ ಫೋಟೊ ಇರುತ್ತದೆ. ಊರಿನಲ್ಲಿ ಅನ್ಯಾಯ ಕಂಡಲ್ಲೆಲ್ಲ ದನಿಯೆತ್ತುವ ಆ ಹುಡುಗಿಯ ಬಾಯಲ್ಲೇ ಅದನ್ನು ಹೇಳಿಸಿದ್ದು ಇನ್ನೂ ಬೇಸರದ ವಿಷಯ. ಅದೇ ತಿಂಗಳು ಅಜೇರಿಯಾ ಮಾತ್ರ ಸ್ಟೀಫನ್ ಕೋಲ್ಬೇರ್ ಅವರ ಕಾರ್ಯಕ್ರಮದಲ್ಲಿ, ದಕ್ಷಿಣ ಏಷ್ಯಾದವರ ಮಾತಿಗೆ ಕಿವಿಗೊಡಬೇಕು, ಬರೆಯುವ ಕೊಠಡಿಯಲ್ಲಿ ಅವರಿರಬೇಕು, ತಾವು ಪಕ್ಕಕ್ಕೆ ಸರಿಯಲು ಸಿದ್ಧ ಎಂದರು. ಇದೇ ಪಾತ್ರಕ್ಕಾಗಿ 1998ರಲ್ಲಿ ಎಮ್ಮಿ ಪ್ರಶಸ್ತಿ ಪಡೆದವರು ಹಾಗೆ ಹೇಳಿದ್ದಕ್ಕೂ, 2021ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದ್ದಕ್ಕೂ ನನಗೆ ಅವರ ಬಗ್ಗೆ ಗೌರವವಿದೆ.

ಆದರೆ ಆಮೇಲೆ ನಡೆದದ್ದನ್ನು ಗಮನಿಸಿ. 2020ರ ಜೂನ್‌ನಲ್ಲಿ, ಬಿಳಿಯರಲ್ಲದ ಪಾತ್ರಗಳಿಗೆ ಇನ್ನು ಬಿಳಿಯರಿಂದ ಕಂಠದಾನ ಮಾಡಿಸುವುದಿಲ್ಲವೆಂದು ಧಾರಾವಾಹಿಯವರು ಘೋಷಿಸಿದರು. ಅಜೇರಿಯಾ ಅವರೇ ಮಾಡುತ್ತಿದ್ದ ಕಾರ್ಲ್ ಪಾತ್ರಕ್ಕೆ ಅಲೆಕ್ಸ್ ಡೆಸರ್ಟ್ ಬಂದರು, 2021ರಲ್ಲಿ ಡಾಕ್ಟರ್ ಹಿಬ್ಬರ್ಟ್ ಪಾತ್ರಕ್ಕೆ ಕೆವಿನ್ ಮೈಕೆಲ್ ರಿಚರ್ಡ್‌ಸನ್ ಬಂದರು. ಅವರಿಬ್ಬರ ಕಥೆ ಮುಂದುವರಿಯಿತು. ಆಪುವಿಗೆ ಮಾತ್ರ ಯಾರನ್ನೂ ಕರೆಯಲಿಲ್ಲ. ಕಲಾವಿದರ ಕೊರತೆಯೇ? 2016ರಲ್ಲಿ ಆಪುವಿನ ಸೋದರನ ಮಗ ಜೇ ಆಗಿ ಉತ್ಕರ್ಷ್ ಅಂಬುಡ್ಕರ್ ಅದೇ ಧಾರಾವಾಹಿಯಲ್ಲಿ ಮಾತನಾಡಿ, ಆಪುವಿನ ಎದುರಿಗೇ ನಿಂತು ಅವನು ಪಡಿಯಚ್ಚಿನ ಮನುಷ್ಯನೆಂದು ಆಕ್ಷೇಪಿಸಿದ್ದರು. ದಾರಿ ಅಲ್ಲಿಯೇ ಇತ್ತು.

ಆದ್ದರಿಂದ ತಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಕಂಠ ಬದಲಾಗಲೇಬೇಕಿತ್ತು, ಪಾತ್ರ ಮೌನವಾಗಬೇಕಿರಲಿಲ್ಲ. ಆಪುವಿನೊಂದಿಗೆ ಅವನ ಸಂಸಾರವೂ ಮರೆಯಾಯಿತು ಎಂಬುದನ್ನು ಯಾರೂ ಹೇಳುತ್ತಿಲ್ಲ. 1997ರಲ್ಲಿ ಮದುವೆಯಾಗಿ ಬಂದ ಮಂಜುಳಾಗೆ ಮೊದಲು ದನಿಯಾದವರು ಜಾನ್ ಹುಕ್ಸ್ ಎಂಬ ಅಮೆರಿಕದ ನಟಿ, ಭಾರತೀಯರಲ್ಲ. ಅವಳ ಮನಸ್ಸಿನಲ್ಲೇನಿತ್ತೆಂದು ಹೇಳುವ ಕಥೆಗಳು ತೀರ ಕಡಿಮೆ. 1999ರ ಕಂತಿನಲ್ಲಿ ಒಟ್ಟಿಗೆ ಹುಟ್ಟಿದ ಎಂಟು ಮಕ್ಕಳು ಸ್ಪ್ರಿಂಗ್‌ಫೀಲ್ಡ್‌ನವರೇ, ಅವರ ಇಂಗ್ಲಿಷ್ ಬಾರ್ಟ್ ಮತ್ತು ಲೀಸಾ ಆಡುವ ಇಂಗ್ಲಿಷೇ ಆಗಿರುತ್ತದೆ. ಆ ಮಕ್ಕಳಲ್ಲಿ ಒಬ್ಬರು ಶಾಲೆ ಬಿಟ್ಟ ಮೇಲೆ ಗಲ್ಲಾದಲ್ಲಿ ಅಪ್ಪನ ಪಕ್ಕ ಕುಳಿತು, ಗಿರಾಕಿಗಳು ಅಪ್ಪನೊಂದಿಗೆ ಒಂದು ರೀತಿ, ತನ್ನೊಂದಿಗೆ ಇನ್ನೊಂದು ರೀತಿ ಮಾತನಾಡುವುದನ್ನು ನೋಡುವ ಒಂದು ಕಂತನ್ನು ನಮ್ಮ ಮಕ್ಕಳ ಪೀಳಿಗೆಯ ಬರಹಗಾರರು ಬರೆದರೆ, ಆಪುವಿಗೆ ಭಾರತೀಯ ಮೂಲದ ನಟರೊಬ್ಬರು ತಮ್ಮ ತಂದೆಯವರ ನಿಜವಾದ ಧಾಟಿಯಲ್ಲೇ ದನಿ ಕೊಟ್ಟರೆ, ನಾನಂತೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನೋಡುತ್ತೇನೆ.