ಕಿಟಾಗೆ ಇನ್ನೂ ಒಗ್ಗದ ಮಗಳು: ಎಷ್ಟು ದಿನ ಕಾಯಬೇಕು?

ಪ್ರಶ್ನೆ (ಬರ್ಲಿನ್‌ನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಹದಿನಾಲ್ಕು ತಿಂಗಳು. ಎರಡು ವಾರಗಳ ಹಿಂದೆ ಅವಳನ್ನು ಮನೆಗೆ ಹತ್ತಿರವಿರುವ ಕಿಟಾ (ಹಗಲಿನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ) ಒಂದಕ್ಕೆ ಸೇರಿಸಿದೆವು. ಇಲ್ಲಿ ನಮ್ಮೂರಿನ ಹಾಗೆ ಮಗುವನ್ನು ಬಾಗಿಲಲ್ಲಿ ಒಪ್ಪಿಸಿ ಹೊರಟುಬರುವಂತಿಲ್ಲ. ‘ಐನ್‌ಗೆವೋನುಂಗ್’ ಎಂದು ಕರೆಯುವ ಒಗ್ಗಿಸುವ ಅವಧಿಯೊಂದಿದೆ. ಮೊದಲ ಮೂರು ದಿನ ಕೋಣೆಯ ಮೂಲೆಯಲ್ಲಿ, ಮೊಣಕಾಲೆತ್ತರದ ಪುಟ್ಟ ಕುರ್ಚಿಯ ಮೇಲೆ, ಒಂದೊಂದು ಗಂಟೆ ಸುಮ್ಮನೆ ಕುಳಿತಿದ್ದೆ. ನಾಲ್ಕನೆಯ ದಿನ ಶಿಕ್ಷಕಿ ನನ್ನನ್ನು ಹೊರಗೆ ಕಳುಹಿಸಿದರು. ಜಾಕೆಟ್ಟಿನ ಜಿಪ್ ಎಳೆಯುವಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು, ಎರಡೇ ನಿಮಿಷಕ್ಕೆ ನನ್ನನ್ನು ಮತ್ತೆ ಕರೆದರು. ಇಂದಿಗೆ ಹತ್ತು ದಿನವಾದರೂ ಅವಳು ನಾನಿಲ್ಲದೆ ಹತ್ತು ನಿಮಿಷ ಇದ್ದದ್ದಿಲ್ಲ. ಅಲ್ಲಿಯ ಊಟ, ಮಧ್ಯಾಹ್ನದ ನಿದ್ದೆ ಇವೆಲ್ಲ ಇನ್ನೂ ದೂರದ ಮಾತು, ಏಕೆಂದರೆ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದರೆ ಮಾತ್ರ ಮಲಗುವ ಮಗು ಅದು.

ನನ್ನ ರಜೆ ಇನ್ನು ಮೂರು ವಾರಕ್ಕೆ ಮುಗಿಯುತ್ತದೆ. ಹಾಸನದಲ್ಲಿರುವ ಅತ್ತೆಯವರು ಪ್ರತಿದಿನ ಫೋನಿನಲ್ಲಿ, “ಮಾತೇ ಬಾರದ ಕೂಸನ್ನು ಪರರ ಕೈಗೆ ಕೊಡೋವಂಥದ್ದು ಏನು ಬಂತು, ನಾನೇ ಬರ್ತೀನಿ ಬಿಡು” ಎನ್ನುತ್ತಾರೆ. ಅವರನ್ನು ಕರೆಸಿಕೊಳ್ಳುವುದೇ ಸರಿಯೇ, ಅಥವಾ ಇನ್ನೂ ಕಾಯಬೇಕೇ? ನಿಮ್ಮ ಮಕ್ಕಳಿಗೆ ಎಷ್ಟು ದಿನ ಹಿಡಿಯಿತು?

ಉತ್ತರ 1 (ಎರ್ಲಾಂಗನ್‌ನಿಂದ)

ನಿಮ್ಮ ಮಗಳು ಯಾವ ತಪ್ಪನ್ನೂ ಮಾಡುತ್ತಿಲ್ಲ, ನೀವೂ ಮಾಡಿಲ್ಲ. ನೀವು ವಿವರಿಸಿದ ಕ್ರಮಕ್ಕೆ ನಿಮ್ಮ ಊರಿನದೇ ಹೆಸರಿದೆ. ಅದು 1980ರ ದಶಕದಲ್ಲಿ ರೂಪುಗೊಂಡ ‘ಬರ್ಲಿನ್ ಮಾದರಿ’. ನಾಲ್ಕನೆಯ ದಿನದ ಆ ಪ್ರಯೋಗದ ಉದ್ದೇಶ ಮಗುವನ್ನು ಬಿಟ್ಟುಹೋಗುವುದಲ್ಲ, ಅಳುವ ಮಗುವನ್ನು ಶಿಕ್ಷಕಿ ಸಮಾಧಾನ ಮಾಡಬಲ್ಲರೇ ಎಂದು ನೋಡುವುದು. ಸಮಾಧಾನವಾದರೆ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ, ಆಗದಿದ್ದರೆ ಎರಡು ಮೂರು ವಾರ ಎಂದು ಮಾದರಿ ಹೇಳುತ್ತದೆ. ನಮ್ಮ ಕಿಟಾದವರು ಮಾತ್ರ ಮೊದಲ ದಿನವೇ ಆರು ವಾರ ಖಾಲಿ ಇಟ್ಟುಕೊಳ್ಳಿ ಎಂದಿದ್ದರು. (ವಾರಾಂತ್ಯವಿಡೀ ಮನೆಯವರಿಗೆ ಅಂಟಿಕೊಂಡಿದ್ದ ಮಗುವನ್ನು ಸೋಮವಾರ ಮೊದಲ ಬಾರಿಗೆ ಅಗಲಿಸಬಾರದು ಎಂಬ ಸೂಚನೆಯೂ ಆ ಮಾದರಿಯಲ್ಲಿದೆ. ಸೋಮವಾರದ ಬೇಸರ ದೊಡ್ಡವರಿಗೆ ಮಾತ್ರ ಎಂದು ನಾನು ತಿಳಿದಿದ್ದೆ.)

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಮೊದಲ ಮಗನ ಸಮಯದಲ್ಲಿ, ಅವನು ಮರದ ರೈಲಿನ ಆಟದಲ್ಲಿ ಮುಳುಗಿದ್ದಾಗ, ಅಳು ತಪ್ಪುತ್ತದೆ ಎಂದುಕೊಂಡು ಬೆಕ್ಕಿನಂತೆ ಹೊರಗೆ ಜಾರಿದೆ. ಅಂದು ನಿಜಕ್ಕೂ ಅವನು ಬಹಳ ಹೊತ್ತು ಅಳಲಿಲ್ಲ. ಆದರೆ ಮುಂದಿನ ಒಂದು ವಾರ ಮನೆಯಲ್ಲಿ ನಾನು ಬಚ್ಚಲಿಗೆ ಹೋದರೂ ಕಾಲು ಹಿಡಿದುಕೊಂಡೇ ಇರುತ್ತಿದ್ದ, ಏಕೆಂದರೆ ಅಪ್ಪ ಯಾವ ಗಳಿಗೆಯಲ್ಲಿ ಮಾಯವಾಗುತ್ತಾನೋ ಎಂಬ ಅನುಮಾನ ಅವನಿಗೆ ಹತ್ತಿಬಿಟ್ಟಿತ್ತು. ಆದ್ದರಿಂದ ಅತ್ತರೂ ಸರಿ, ಹೇಳಿಯೇ ಹೊರಡಿ. ನಮ್ಮಲ್ಲಿ ಹೊರಡುವಾಗ “ಹೋಗ್ತೀನಿ” ಎನ್ನದೆ “ಹೋಗಿ ಬರ್ತೀನಿ” ಎನ್ನುವ ರೂಢಿಯಿದೆಯಲ್ಲ, ಪ್ರತಿದಿನ ಅದೇ ಬಾಗಿಲಲ್ಲಿ ಅದೇ ಮಾತನ್ನು ಹೇಳಿ, ಹೇಳಿದ ಮೇಲೆ ತಿರುಗಿ ನೋಡುತ್ತ ನಿಲ್ಲಬೇಡಿ.

ಇನ್ನೊಂದು ಮಾತು: ನಿಮ್ಮ ಯಜಮಾನರು ಒಂದು ವಾರ ರಜೆ ಹಾಕಿ ಆ ಕುರ್ಚಿಯಲ್ಲಿ ಕೂರಲು ಸಾಧ್ಯವೇ? ಎರಡನೆಯ ಮಗಳಿಗೆ ನಾನೇ ಕುಳಿತೆ. ಹಾಲುಣಿಸುವ ತಾಯಿಯನ್ನು ಬಿಡುವುದಕ್ಕಿಂತ ಅಪ್ಪನನ್ನು ಬಿಡುವುದು ಅವಳಿಗೆ ಸುಲಭವಾಯಿತು. ಸ್ವಲ್ಪ ಬೇಜಾರಾದರೂ ಇದು ಸತ್ಯ.

ಉತ್ತರ 2 (ಫ್ರಾಂಕ್‌ಫರ್ಟ್‌ನಿಂದ)

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅತ್ತೆಯವರ ವಿಷಯ ಉಳಿಯಿತು. ಭೇಟಿಯ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಅವರು ಈಗಲೇ ಬಂದರೆ ಮಗು ಮನೆಯಲ್ಲೇ ಹಾಯಾಗಿರುತ್ತದೆ, ತೊಂಬತ್ತು ದಿನಗಳ ನಂತರ ಅಜ್ಜಿಯನ್ನೂ ಕಳೆದುಕೊಂಡು ಕಿಟಾದ ಮೊದಲ ದಿನಕ್ಕೆ ಮರಳುತ್ತದೆ. ಹೀಗಾಗಿ ಮಗು ಒಗ್ಗಿದ ಮೇಲೆ, ಚಳಿಗಾಲದ ಹೊತ್ತಿಗೆ ಅವರನ್ನು ಕರೆಸಿಕೊಳ್ಳಿ ಎಂಬುದು ನನ್ನ ಸಲಹೆ. ಅಸಲಿ ಕಷ್ಟ ಶುರುವಾಗುವುದೇ ಆಗ: ಮೊದಲ ಚಳಿಗಾಲದಲ್ಲಿ ಮೂಗು ಸೋರದ ವಾರವೇ ಇರುವುದಿಲ್ಲ. ನೀವು ಸರ್ಕಾರಿ ಆರೋಗ್ಯ ವಿಮೆಯಲ್ಲಿರುವವರಾದರೆ ಮಗುವಿನ ಕಾಯಿಲೆಗೆಂದು ತಾಯಿಗೂ ತಂದೆಗೂ ತಲಾ 15 ದಿನಗಳ ರಜೆ, ವೇತನದ ಬಹುಪಾಲು ಭತ್ಯೆಯೊಂದಿಗೆ, 2024 ಮತ್ತು 2025ರಲ್ಲಿ ಸಿಗುತ್ತಿತ್ತು. ವೈದ್ಯರ ಚೀಟಿ ಬೇಕು. ನಮ್ಮದು ಫೆಬ್ರುವರಿ ಮುಗಿಯುವುದರೊಳಗೆ ಖಾಲಿಯಾಗಿತ್ತು. ಅಜ್ಜಿಯೇ ಕರೆದುಕೊಂಡು ಬರುವುದಾದರೆ ಕಿಟಾಗೆ ಮೊದಲೇ ಲಿಖಿತ ಅನುಮತಿ ಕೊಟ್ಟಿರಿ, ಇಲ್ಲದಿದ್ದರೆ ಮಗುವನ್ನು ಕೊಡದಿರಬಹುದು.

ಪ್ರಶ್ನೆ ಕೇಳಿದವರು (ಬರ್ಲಿನ್‌ನಿಂದ)

ಇಬ್ಬರಿಗೂ ಧನ್ಯವಾದಗಳು. ನಮ್ಮವರು ಸೋಮವಾರದಿಂದ, ಅಲ್ಲ, ಮಂಗಳವಾರದಿಂದ ಕೂರುತ್ತಾರೆ. ಇನ್ನೊಂದು ಸಂದೇಹ: ಮಗಳಿಗೆ ಜರ್ಮನ್ ಕಿವಿಗೆ ಬಿದ್ದಿಲ್ಲವೆಂದೇ ಹೀಗಾಗುತ್ತಿರಬಹುದೇ? ಮನೆಯಲ್ಲಿ ನಮ್ಮ ಹರಕುಮುರುಕು ಜರ್ಮನ್ ಮಾತನಾಡಬೇಕೇ?

ಉತ್ತರ 3 (ಮ್ಯೂನಿಕ್‌ನಿಂದ)

ಖಂಡಿತ ಬೇಡ. ಹರಕುಮುರುಕು ಜರ್ಮನ್ನಿಗಿಂತ ತುಂಬಿದ ಕನ್ನಡವೇ ಮಗುವಿಗೆ ಉಪಯೋಗ ಎಂದು ನಮ್ಮ ಮಕ್ಕಳ ವೈದ್ಯರೇ ಹೇಳಿದ್ದರು, ಜರ್ಮನ್ನನ್ನು ಮಕ್ಕಳು ಮಕ್ಕಳಿಂದಲೇ ಕಲಿಯುತ್ತಾರೆ. ನೀವು ಮಾಡಬೇಕಾದದ್ದು ಶಿಕ್ಷಕಿಗೆ ನಾಲ್ಕು ಕನ್ನಡ ಪದಗಳನ್ನು ಕಲಿಸುವುದು. ನಮ್ಮ ಮಗ ಹಣ್ಣಿನ ತಟ್ಟೆಯ ಮುಂದೆ ಕೈಯಾಡಿಸುತ್ತ “ಬೇಡ, ಬೇಡ” ಎಂದಾಗಲೆಲ್ಲ ಅವರು ಸೇಬನ್ನೂ ಬಾಳೆಹಣ್ಣನ್ನೂ ಬಡಿಸುತ್ತಿದ್ದರಂತೆ. ಜರ್ಮನ್ನಿನಲ್ಲಿ ‘ಬೈಡೆ’ ಎಂದರೆ ‘ಎರಡೂ’! ಹುಡುಗ ಅತ್ತದ್ದು ಯಾಕೆಂದು ತಿಳಿಯಲು ನಮಗೆ ಮೂರು ದಿನ ಬೇಕಾಯಿತು. ಆಮೇಲೆ ನೀರು, ಬೇಡ, ಸಾಕು, ಎತ್ಕೋ, ಅಮ್ಮ ಬರ್ತಾಳೆ ಎಂಬಿಷ್ಟನ್ನು ಅವರ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥ ಹಾಕಿಕೊಟ್ಟೆವು. ಡೈಪರ್ ಬದಲಿಸುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡರು.

ನಿದ್ದೆಗೆ ನಿಮ್ಮ ಹಳೆಯ ಕಾಟನ್ ಸೀರೆಯ ಅಥವಾ ದುಪಟ್ಟಾದ ತುಂಡೊಂದನ್ನು ಕಳುಹಿಸಿ. ನೀವು ಎರಡು ರಾತ್ರಿ ಪಕ್ಕದಲ್ಲಿಟ್ಟುಕೊಂಡು ಮಲಗಿದ ಮೇಲೆ ಕೊಡಿ, ಒಗೆಯಲು ಹೋಗಬೇಡಿ. ಒಂದೇ ಅಳತೆಯ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿ, ಏಕೆಂದರೆ ಒಂದು ಮೊದಲ ತಿಂಗಳಲ್ಲೇ ಯಾರದೋ ಚೀಲ ಸೇರುತ್ತದೆ.