ಲೇಯರ್ 1 ಆ್ಯಕ್ಟಿವ್ ಇದೆ, ಆದರೂ ಒಂದು ಕಾಲ್ ಕೂಡ ಹೋಗುತ್ತಿಲ್ಲ: ವಾಯ್ಸ್ ರೂಟರ್ ಪ್ರಶ್ನೋತ್ತರ

ಪ್ರಶ್ನೆ: ಸರ್, ನಿನ್ನೆ ರಾತ್ರಿ ಹಳೆಯ ವಾಯ್ಸ್ ರೂಟರ್ ತೆಗೆದು ಅದೇ ಮಾಡೆಲ್‌ನ ಸಿಸ್ಕೊ 2911 ಹಾಕಿದೆವು. ಕಾನ್ಫಿಗ್ ಹಳೆಯದರಿಂದಲೇ ಕಾಪಿ ಮಾಡಿದ್ದು. ಇ1 ಪಿಆರ್‌ಐ ಲೈನ್ (ಹಲವು ಕಾಲ್ ಒಟ್ಟಿಗೆ ಸಾಗಿಸುವ ಡಿಜಿಟಲ್ ಫೋನ್ ಲೈನ್), ಕಾಲ್ ಮ್ಯಾನೇಜರ್ (ಕಚೇರಿಯ ಫೋನ್‌ಗಳನ್ನು ನಡೆಸುವ ಸರ್ವರ್) ಜೊತೆ ಎಂಜಿಸಿಪಿ (ಆ ಸರ್ವರ್ ರೂಟರ್ ಅನ್ನು ನಿಯಂತ್ರಿಸುವ ಪ್ರೊಟೊಕಾಲ್). ಬೆಳಗ್ಗೆಯಿಂದ ಹೊರಗಿನ ಕಾಲ್ ಬರುತ್ತಿಲ್ಲ, ಇಲ್ಲಿಂದಲೂ ಹೋಗುತ್ತಿಲ್ಲ. ಶೋ ಐಎಸ್‌ಡಿಎನ್ ಸ್ಟೇಟಸ್ ಕೊಟ್ಟರೆ ಲೇಯರ್ 1 ಆ್ಯಕ್ಟಿವ್, ಲೇಯರ್ 2 ಟಿಇಐ ಅಸೈನ್ಡ್ (ವಿಳಾಸ ಸಿಕ್ಕಿದೆ, ಸಂಪರ್ಕ ಇನ್ನೂ ಆಗಿಲ್ಲ), ಲೇಯರ್ 3ರಲ್ಲಿ ಸೊನ್ನೆ ಕಾಲ್. ಜೊತೆಯಲ್ಲಿರುವವರು ಸ್ವಿಚ್ ಟೈಪ್ (ಲೈನ್ ಕೊಟ್ಟವರ ಎಕ್ಸ್‌ಚೇಂಜ್ ಬಳಸುವ ಐಎಸ್‌ಡಿಎನ್ ಬಗೆ) ಬದಲಿಸಿ ನೋಡೋಣ ಅಂತಿದ್ದಾರೆ. ಮಾಡಬಹುದಾ?

ಉತ್ತರ: ಬೇಡ, ಸ್ವಿಚ್ ಟೈಪ್ ಮುಟ್ಟಬೇಡಿ. ಹಳೆಯ ರೂಟರ್‌ನಲ್ಲಿ ಪ್ರೈಮರಿ-ನೆಟ್5 ಇಟ್ಟುಕೊಂಡೇ ಕೆಲಸ ಮಾಡುತ್ತಿತ್ತು ಅಂದರೆ ಲೈನ್ ಕೊಟ್ಟವರ ಸ್ವಿಚ್ ರಾತ್ರೋರಾತ್ರಿ ಬದಲಾಗಿರಲ್ಲ. ಈಗ ಅದನ್ನೂ ಬದಲಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ಸೇರುತ್ತೆ, ಆಮೇಲೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಈ ಸ್ಟೇಟಸ್ ಅನ್ನು ಯಾವಾಗಲೂ ಕೆಳಗಿನ ಲೇಯರ್‌ನಿಂದ ಓದಬೇಕು. ಲೇಯರ್ 1 ಆ್ಯಕ್ಟಿವ್ ಅಂದರೆ ಕೇಬಲ್ ಇದೆ, ಸಿಗ್ನಲ್ ಬರುತ್ತಿದೆ, ಅಷ್ಟೇ. ಇ1ರಲ್ಲಿ 30 ಬಿ ಚಾನೆಲ್ ಮಾತಿಗೆ, 16ನೇ ಟೈಮ್‌ಸ್ಲಾಟ್ ಡಿ ಚಾನೆಲ್‌ಗೆ, ಅಂದರೆ ಕಾಲ್ ಜೋಡಿಸುವ ಸಂಕೇತಗಳಿಗೆ. ರೂಟರ್ ಸೊನ್ನೆಯಿಂದ ಎಣಿಸುವುದರಿಂದ ಅದು ನಿಮಗೆ ಸೀರಿಯಲ್ 0/0/0:15 ಅಂತ ಕಾಣುತ್ತೆ. ಈ ಡಿ ಚಾನೆಲ್ ಮೇಲೆ ಎರಡೂ ಕಡೆಯವರು ಮೊದಲು ಕೈ ಕುಲುಕಬೇಕು. ಅದು ಆದಾಗ ಲೇಯರ್ 2 ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಷ್ಡ್ ಅಂತ ತೋರಿಸುತ್ತೆ. ಅಲ್ಲಿಯವರೆಗೆ ಲೇಯರ್ 3 ನೋಡುವುದು, ಡಯಲ್ ಪಿಯರ್ (ಯಾವ ನಂಬರ್ ಯಾವ ದಾರಿಯಲ್ಲಿ ಹೋಗಬೇಕೆಂಬ ನಿಯಮ) ತಿದ್ದುವುದು, ನಂಬರ್ ಟ್ರಾನ್ಸ್‌ಲೇಷನ್ ಹುಡುಕುವುದು ಎಲ್ಲ ಸುಮ್ನೆ ಹೊತ್ತು ಕಳೆದಂತೆ.

ಡಿಬಗ್ ಐಎಸ್‌ಡಿಎನ್ ಕ್ಯೂ921 (ಲೇಯರ್ 2ರ ಸಂದೇಶ ತೋರಿಸುವ ಕಮಾಂಡ್) ಒಂದು ನಿಮಿಷ ಹಾಕಿ. ಮೂರರಲ್ಲಿ ಒಂದು ಕಾಣುತ್ತೆ. ನಿಮ್ಮಿಂದ ಎಸ್‌ಎಬಿಎಂಇ (ಸಂಪರ್ಕ ಶುರು ಮಾಡೋಣ ಎಂಬ ಕೋರಿಕೆ) ಹೋಗುತ್ತಲೇ ಇದೆ, ಆ ಕಡೆಯಿಂದ ಏನೂ ಬರುತ್ತಿಲ್ಲ ಅಂದರೆ ಲೈನ್ ಕೊಟ್ಟವರ ಕಡೆ ಡಿ ಚಾನೆಲ್ ನಿಂತಿದೆ, ಅಥವಾ ನಿಮ್ಮ ಮಾತು ಅವರಿಗೆ ತಲುಪುತ್ತಿಲ್ಲ. ಎಸ್‌ಎಬಿಎಂಇ ಎರಡೂ ದಿಕ್ಕಿನಲ್ಲಿ ಓಡಾಡುತ್ತಿದೆ, ಆದರೆ ಯಾರೂ ಯುಎ (ಅದಕ್ಕೆ ಒಪ್ಪಿಗೆ) ಕಳಿಸುತ್ತಿಲ್ಲ ಅಂದರೆ ಇಬ್ಬರೂ ಯೂಸರ್ ಸೈಡ್ ಆಗಿದ್ದೀರಿ ಅಥವಾ ಇಬ್ಬರೂ ನೆಟ್‌ವರ್ಕ್ ಸೈಡ್, ಇಲ್ಲಾ ಎಲ್ಲೋ ಲೂಪ್ ಬಿದ್ದು ನಿಮ್ಮ ಫ್ರೇಮೇ ನಿಮಗೆ ವಾಪಸ್ ಬರುತ್ತಿದೆ. ಮೂರನೆಯದು, ಏನೂ ಹೋಗುತ್ತಲೂ ಇಲ್ಲ, ಬರುತ್ತಲೂ ಇಲ್ಲ. ನಿಮ್ಮದು ಎಂಜಿಸಿಪಿ ಅಂದಿದ್ದಕ್ಕೆ ನನಗೆ ಈ ಮೂರನೆಯದರ ಮೇಲೇ ಅನುಮಾನ ಜಾಸ್ತಿ. ಜೊತೆಗೆ ಶೋ ಸಿಸಿಎಂ-ಮ್ಯಾನೇಜರ್ (ಕಾಲ್ ಮ್ಯಾನೇಜರ್ ಜೊತೆಗಿನ ಸಂಪರ್ಕದ ಸ್ಥಿತಿ) ಔಟ್‌ಪುಟ್ ಕೂಡ ಹಾಕಿ.

ಪ್ರಶ್ನೆ ಕೇಳಿದವರು: ನೀವು ಹೇಳಿದ ಹಾಗೇ ಇದೆ ಸರ್. ಡಿಬಗ್ ಆನ್ ಮಾಡಿ ಎರಡು ನಿಮಿಷ ಕಾದೆ, ಒಂದು ಸಾಲೂ ಬರಲಿಲ್ಲ. ಸೀರಿಯಲ್ ಇಂಟರ್ಫೇಸ್ ಕೆಳಗೆ ಐಎಸ್‌ಡಿಎನ್ ಬೈಂಡ್-ಎಲ್3 ಸಿಸಿಎಂ-ಮ್ಯಾನೇಜರ್ ಇದೆ. ಶೋ ಸಿಸಿಎಂ-ಮ್ಯಾನೇಜರ್‌ನಲ್ಲಿ ಪ್ರೈಮರಿ ಎದುರು ರಿಜಿಸ್ಟರಿಂಗ್ ಅಂತಲೇ ನಿಂತಿದೆ. ಆದರೆ ಕಾಲ್ ಮ್ಯಾನೇಜರ್‌ಗೆ ಪಿಂಗ್ ಚೆನ್ನಾಗಿ ಹೋಗುತ್ತಿದೆ.

ಉತ್ತರ: ಹಾಗಾದರೆ ಲೈನ್‌ನಲ್ಲಿ ತಪ್ಪಿಲ್ಲ. ಆ ಬೈಂಡ್ ಸಾಲಿನ ಅರ್ಥ ಏನೆಂದರೆ, ಕ್ಯೂ921 ರೂಟರ್‌ನಲ್ಲಿ ಮುಗಿಯುತ್ತೆ, ಕ್ಯೂ931 (ಲೇಯರ್ 3ರ ಕಾಲ್ ಸಂದೇಶಗಳು) ಮಾತ್ರ ಟಿಸಿಪಿ 2428 ಪೋರ್ಟ್ ಮೂಲಕ ಕಾಲ್ ಮ್ಯಾನೇಜರ್‌ವರೆಗೆ ಹೋಗುತ್ತೆ. ಆ ಬ್ಯಾಕ್‌ಹಾಲ್ (ಕಾಲ್ ಮ್ಯಾನೇಜರ್‌ವರೆಗಿನ ಆ ಟಿಸಿಪಿ ದಾರಿ) ತೆರೆಯುವ ತನಕ ರೂಟರ್ ಬೇಕಂತಲೇ ಲೇಯರ್ 2 ಮೇಲೆತ್ತುವುದಿಲ್ಲ. ಯೋಚಿಸಿ ನೋಡಿದರೆ ಅದೇ ಸರಿ ಅಲ್ವಾ. ಕಾಲ್ ತೆಗೆದುಕೊಳ್ಳುವವರೇ ಇಲ್ಲದಾಗ ಲೇಯರ್ 2 ಮೇಲಿದ್ದರೆ, ಆ ಕಡೆಯ ಸ್ವಿಚ್ ಎಲ್ಲ ಸರಿ ಇದೆ ಅಂದುಕೊಂಡು ಕಾಲ್ ಕಳಿಸುತ್ತೆ, ಅವೆಲ್ಲ ದಾರಿಯಲ್ಲೇ ಸಾಯುತ್ತವೆ.

ಈಗ ಶೋ ಸಿಸಿಎಂ-ಮ್ಯಾನೇಜರ್‌ನ ಮೊದಲ ಸಾಲು ನೋಡಿ, ಎಂಜಿಸಿಪಿ ಡೊಮೈನ್ ನೇಮ್ ಅಂತ ಇರುತ್ತೆ. ಅಲ್ಲಿರುವ ಹೆಸರು, ಕಾಲ್ ಮ್ಯಾನೇಜರ್‌ನಲ್ಲಿ ಗೇಟ್‌ವೇಗೆ (ಅಂದರೆ ಈ ರೂಟರ್‌ಗೆ) ಕೊಟ್ಟ ಹೆಸರು, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ದೊಡ್ಡ ಅಕ್ಷರ, ಚಿಕ್ಕ ಅಕ್ಷರದ ವ್ಯತ್ಯಾಸವೂ ಇರಬಾರದು. ಹೊಸ ರೂಟರ್‌ನಲ್ಲಿ ಎಸ್‌ಎಸ್‌ಎಚ್ ಕೀ ಮಾಡಲು ಐಪಿ ಡೊಮೈನ್-ನೇಮ್ ಏನಾದರೂ ಹಾಕಿದ್ದೀರಾ?

ಪ್ರಶ್ನೆ ಕೇಳಿದವರು: ಹಾಕಿದ್ದೇನೆ ಸರ್! ಹಳೆಯದರಲ್ಲಿ ಟೆಲ್ನೆಟ್ ಇತ್ತು, ಇದಕ್ಕೆ ಎಸ್‌ಎಸ್‌ಎಚ್ ಮಾಡೋಣ ಅಂತ ನಿನ್ನೆ ರಾತ್ರಿಯೇ ಸೇರಿಸಿದೆ. ಈಗ ಮೊದಲ ಸಾಲಿನಲ್ಲಿ ಹೋಸ್ಟ್‌ನೇಮ್ ಮುಂದೆ ಚುಕ್ಕೆ ಹಾಕಿ ಡೊಮೈನ್ ಕೂಡ ಅಂಟಿಕೊಂಡಿದೆ. ಕಾಲ್ ಮ್ಯಾನೇಜರ್‌ನಲ್ಲಿ ಬರೀ ಹೋಸ್ಟ್‌ನೇಮ್ ಇದೆ.

ಉತ್ತರ: ಅದೇ. ಡೊಮೈನ್ ಹಾಕಿದ ಕೂಡಲೇ ರೂಟರ್ ಪೂರ್ತಿ ಹೆಸರಿನಿಂದ ತನ್ನ ಪರಿಚಯ ಹೇಳಿಕೊಳ್ಳುತ್ತೆ, ಕಾಲ್ ಮ್ಯಾನೇಜರ್‌ಗೆ ಆ ಹೆಸರಿನ ಗೇಟ್‌ವೇ ಗೊತ್ತೇ ಇಲ್ಲ. ಎಸ್‌ಎಸ್‌ಎಚ್ ತೆಗೆಯಬೇಡಿ, ಅದು ಒಳ್ಳೆಯ ಕೆಲಸವೇ. ಕಾಲ್ ಮ್ಯಾನೇಜರ್‌ನ ಗೇಟ್‌ವೇ ಪುಟದಲ್ಲಿ ಡೊಮೈನ್ ನೇಮ್ ಜಾಗದಲ್ಲಿ ಪೂರ್ತಿ ಹೆಸರು ಹಾಕಿ ಸೇವ್ ಮಾಡಿ, ರೀಸೆಟ್ ಕೊಡಿ. ಆಮೇಲೆ ರೂಟರ್‌ನಲ್ಲಿ ನೋ ಎಂಜಿಸಿಪಿ, ಮತ್ತೆ ಎಂಜಿಸಿಪಿ.

ಪ್ರಶ್ನೆ ಕೇಳಿದವರು: ಬಂತು! ಎಸ್‌ಎಬಿಎಂಇ ಹೋಯಿತು, ಮರುಕ್ಷಣ ಯುಎ ಬಂತು. ಈಗ ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಷ್ಡ್, ಹತ್ತು ಸೆಕೆಂಡಿಗೊಮ್ಮೆ ಆರ್‌ಆರ್ (ಸಂಪರ್ಕ ಜೀವಂತ ಇದೆ ಎಂಬ ಸಂದೇಶ) ಹೋಗಿ ಬರುತ್ತಿದೆ. ಕಾಲ್ ಎರಡೂ ಕಡೆ ಆಗುತ್ತಿದೆ. ಆದರೆ ಮಾತಿನ ಮಧ್ಯೆ ಆಗಾಗ ಟಿಕ್ ಅಂತ ಸದ್ದು ಬರುತ್ತೆ, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತೆ. ಶೋ ಕಂಟ್ರೋಲರ್ಸ್ ಇ1ರಲ್ಲಿ ಸ್ಲಿಪ್ ಸೆಕೆಂಡ್ಸ್ (ಫ್ರೇಮ್ ಜಾರಿದ ಸೆಕೆಂಡುಗಳ ಲೆಕ್ಕ) ಏರುತ್ತಿದೆ.

ಉತ್ತರ: ಅದು ಗಡಿಯಾರದ ತೊಂದರೆ. ಇ1ರಲ್ಲಿ ಸೆಕೆಂಡಿಗೆ 8,000 ಫ್ರೇಮ್ ಓಡುತ್ತವೆ, ಒಂದೊಂದು 125 ಮೈಕ್ರೋಸೆಕೆಂಡ್. ನಿಮ್ಮ ಗಡಿಯಾರ ಅವರದ್ದಕ್ಕಿಂತ ಒಂಚೂರು ಮುಂದೆ ಅಥವಾ ಹಿಂದೆ ಓಡಿದರೂ ಸಾಕು, ಬಫರ್ ತುಂಬಿ ಒಂದು ಫ್ರೇಮ್ ಬಿದ್ದುಹೋಗುತ್ತೆ, ಇಲ್ಲಾ ಖಾಲಿಯಾಗಿ ಒಂದು ಫ್ರೇಮ್ ಎರಡು ಸಲ ಬರುತ್ತೆ. ಕಿವಿಗೆ ಅದು ಬರೀ ಟಿಕ್, ಫ್ಯಾಕ್ಸ್‌ಗೆ ಮಾತ್ರ ಅದೇ ಪೆಟ್ಟು. ಕಂಟ್ರೋಲರ್ ಕೆಳಗೆ ಕ್ಲಾಕ್ ಸೋರ್ಸ್ ಲೈನ್ ಇದೆಯಾ ನೋಡಿ. ಇದ್ದರೂ ಅಷ್ಟಕ್ಕೇ ಮುಗಿಯಲ್ಲ. ಗ್ಲೋಬಲ್‌ನಲ್ಲಿ ನೆಟ್‌ವರ್ಕ್-ಕ್ಲಾಕ್-ಪಾರ್ಟಿಸಿಪೇಟ್ ವಿಕ್ 0, ಅದರ ಜೊತೆ ನೆಟ್‌ವರ್ಕ್-ಕ್ಲಾಕ್-ಸೆಲೆಕ್ಟ್ 1 ಇ1 0/0/0 ಇರಬೇಕು. ಆಗ ಡಿಎಸ್‌ಪಿ (ಧ್ವನಿ ಸಂಸ್ಕರಿಸುವ ಚಿಪ್) ಕೂಡ ಲೈನ್‌ನ ಗಡಿಯಾರವನ್ನೇ ಹಿಡಿಯುತ್ತೆ. ಹಾಕಿದ ಮೇಲೆ ಹಳೆಯ ಒಟ್ಟು ಲೆಕ್ಕ ನೋಡಿ ಗಾಬರಿಯಾಗಬೇಡಿ. ಈಗಿನ 15 ನಿಮಿಷದ ಇಂಟರ್ವಲ್‌ನಲ್ಲಿ ಸ್ಲಿಪ್ ಏರುತ್ತಿಲ್ಲ ಅಂದರೆ ಸಾಕು.

ಇನ್ನೊಬ್ಬರ ಪ್ರಶ್ನೆ: ಇದೇ ವಿಷಯಕ್ಕೆ ಹತ್ತಿರದ್ದು, ಕೇಳಿಬಿಡುತ್ತೇನೆ. ನನ್ನದು ಎಸ್‌ಐಪಿ ಗೇಟ್‌ವೇ (ಲೈನ್‌ನ ಕಾಲ್ ಸಂದೇಶಗಳನ್ನು ರೂಟರೇ ನೋಡಿಕೊಳ್ಳುವ ಬಗೆ), ಕಾಲ್ ಮ್ಯಾನೇಜರ್ ಬೈಂಡ್ ಇಲ್ಲ. ಲೇಯರ್ 2 ಚೆನ್ನಾಗಿದೆ, ಒಳಗೆ ಕಾಲ್ ಬರುತ್ತೆ. ಹೊರಗೆ ಮಾಡಿದರೆ ಮಾತ್ರ ಕಟ್ ಆಗುತ್ತೆ. ಡಿಬಗ್ ಐಎಸ್‌ಡಿಎನ್ ಕ್ಯೂ931ರಲ್ಲಿ ಕಾಸ್ (ಕಾಲ್ ಕಟ್ ಆದ ಕಾರಣದ ಕೋಡ್) 0ಎಕ್ಸ್82ಎಸಿ ಅಂತ ಬರುತ್ತಿದೆ. ಲೈನ್ ಕೊಟ್ಟವರು 10 ಚಾನೆಲ್ ಮಾತ್ರ ಕೊಟ್ಟಿದ್ದಾರೆ.

ಉತ್ತರ: ಕೊನೆಯ ಎರಡು ಅಂಕೆ ನೋಡಿ, ಎಸಿ. ಮೇಲಿನ ಬಿಟ್ ತೆಗೆದರೆ 2ಸಿ ಉಳಿಯುತ್ತೆ, ಅಂದರೆ ದಶಮಾನದಲ್ಲಿ 44. ಕೇಳಿದ ಚಾನೆಲ್ ಸಿಗುತ್ತಿಲ್ಲ ಅಂತ ಅರ್ಥ. ಎಸಿಗಿಂತ ಮೊದಲು ಇರುವ 82 ಈ ಉತ್ತರ ನಿಮ್ಮ ಕಡೆಯ ಪಬ್ಲಿಕ್ ನೆಟ್‌ವರ್ಕ್‌ನಿಂದಲೇ ಬಂತು ಅನ್ನುತ್ತೆ. ನಿಮ್ಮ ಪಿಆರ್‌ಐ-ಗ್ರೂಪ್‌ನಲ್ಲಿ (ಯಾವ ಟೈಮ್‌ಸ್ಲಾಟ್ ಬಳಸಬೇಕೆಂದು ಹೇಳುವ ಸಾಲಿನಲ್ಲಿ) ಟೈಮ್‌ಸ್ಲಾಟ್ಸ್ 1-31 ಇರಬೇಕು. ರೂಟರ್ ತಾನಾಗಿಯೇ ಮೇಲಿನ ಚಾನೆಲ್‌ನಿಂದ ಕೆಳಗೆ ಇಳಿಯುತ್ತಾ ಆರಿಸುತ್ತೆ, ಹಾಗಾಗಿ ಮೊದಲ ಕಾಲ್ 31ನೇ ಟೈಮ್‌ಸ್ಲಾಟ್ ಕೇಳುತ್ತೆ, ಅದು ನಿಮಗೆ ಕೊಟ್ಟೇ ಇಲ್ಲ. ಒಳಗೆ ಬರುವ ಕಾಲ್‌ಗೆ ಚಾನೆಲ್ ಆರಿಸುವುದು ಅವರ ಸ್ವಿಚ್, ಅದಕ್ಕೇ ಅದು ಸರಿಯಾಗಿ ಬರುತ್ತಿದೆ.

ಈಗಿಂದೀಗ ಕೆಲಸ ಆಗಬೇಕು ಅಂದರೆ ಸೀರಿಯಲ್ ಇಂಟರ್ಫೇಸ್ ಕೆಳಗೆ ಐಎಸ್‌ಡಿಎನ್ ಬಿಚಾನ್-ನಂಬರ್-ಆರ್ಡರ್ ಅಸೆಂಡಿಂಗ್ ಹಾಕಿ, 1ರಿಂದ ಮೇಲೆ ಹೋಗುತ್ತೆ. ಹತ್ತೂ ತುಂಬಿದ ಮೇಲೆ ಬರುವ ಹನ್ನೊಂದನೇ ಕಾಲ್‌ಗೆ ಮತ್ತೆ ಇದೇ ಕಾಸ್ ಬರುತ್ತೆ, ಹಾಗಾಗಿ ಪಿಆರ್‌ಐ-ಗ್ರೂಪ್ ಅನ್ನೇ 1-10,16 ಅಂತ ತಿದ್ದುವುದು ಸರಿಯಾದ ದಾರಿ. ಅದಕ್ಕೆ ವಾಯ್ಸ್ ಪೋರ್ಟ್ ಶಟ್ ಮಾಡಿ ಹಳೆಯ ಗ್ರೂಪ್ ತೆಗೆಯಬೇಕಾಗುತ್ತೆ, ಅಷ್ಟು ಹೊತ್ತು ಫೋನ್ ಇರಲ್ಲ. ಕಚೇರಿ ಮುಚ್ಚಿದ ಮೇಲೆ ಮಾಡಿ, ಮೊದಲು ಕಾನ್ಫಿಗ್ ಕಾಪಿ ಇಟ್ಟುಕೊಳ್ಳಿ, ಮುಗಿದ ಮೇಲೆ ಡಯಲ್ ಪಿಯರ್‌ಗಳಲ್ಲಿ ಪೋರ್ಟ್ ಸಾಲು ಇದ್ದ ಹಾಗೇ ಇದೆಯಾ ಅಂತ ಒಂದೊಂದಾಗಿ ನೋಡಿ.