ಸಹಾಯ ಬೇಕು: ಟ್ರೇಡ್‌ಮಾರ್ಕಿಗೆ ಹಲಸಿನ ಹಪ್ಪಳ ಯಾವ ಕ್ಲಾಸ್?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಪುನರ್ಪುಳಿ ಸಿರಪ್, ತೆಂಗಿನೆಣ್ಣೆ ಮಾಡಿ ಮಾರುತ್ತೇವೆ. ನಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸೋಣ ಎಂದು ಹೊರಟು ತಲೆ ಕೆಟ್ಟುಹೋಗಿದೆ.

ಯಾವ ಬಗೆಯ ಸರಕು, ಸೇವೆಗೆ ಹೆಸರು ಬೇಕು ಎಂದು ಅರ್ಜಿಯಲ್ಲಿ ಹೇಳಬೇಕು; ಆ ಬಗೆಗಳೇ ಕ್ಲಾಸ್, ಒಟ್ಟು 45. 1ರಿಂದ 34 ಸರಕಿಗೆ, 35ರಿಂದ 45 ಸೇವೆಗೆ. ಉಪ್ಪಿನಕಾಯಿ 29, ಸಿರಪ್ 32, ಇಷ್ಟು ಗೊತ್ತಾಯಿತು. ಎಣ್ಣೆಯದ್ದೇ ತಮಾಷೆ. ಅಡುಗೆಗಾದರೆ 29, ತಲೆಗೆ ಹಚ್ಚುವುದಾದರೆ 3! ನಮ್ಮ ಕಡೆ ಒಂದೇ ಬಾಟಲಿ ಎರಡಕ್ಕೂ ಆಗುತ್ತದೆ, ಅಲ್ವಾ?

ಇನ್ನು ಹಪ್ಪಳ. ಹಲಸಿನದ್ದು ಎಂದು ಹಣ್ಣು ತರಕಾರಿ ಸಂಸ್ಕರಿಸಿದ 29ಕ್ಕೆ ಹೋಗುತ್ತದಾ, ಇಲ್ಲ ಹಿಟ್ಟು, ಧಾನ್ಯದ ತಿಂಡಿಗಳಿರುವ 30ಕ್ಕಾ? ಅರ್ಜಿ ಹಾಕಿಕೊಡುವ ಒಬ್ಬರು 35 ಕೂಡ ಹಾಕಿ ಎನ್ನುತ್ತಾರೆ. ಅದು ಬೇರೆಯವರ ಮಾಲು ಮಾರುವ ಅಂಗಡಿಯವರಿಗೆ ಬೇಕಾದದ್ದು. ನಾವು ಮಾರುವುದು ನಮ್ಮದೇ, ಸುಮ್ನೆ ಯಾಕೆ? ಆನ್‌ಲೈನಲ್ಲಿ ಹಾಕಿದರೂ ನಮ್ಮಂಥವರಿಗೆ ಅರ್ಜಿ ಶುಲ್ಕ ಕ್ಲಾಸಿಗೆ 4500 ರೂಪಾಯಿ. ಐದು ಕ್ಲಾಸಾದರೆ 22,500. ಅಷ್ಟು ಹಪ್ಪಳ ಒಣಗಿಸಲು ಬಿಸಿಲೂ ಸಾಲದು.

ಹಪ್ಪಳಕ್ಕೆ ಮಾರ್ಕ್ ತೆಗೆದವರು ಯಾರಾದರೂ ಇದ್ದೀರಾ? ಯಾವ ಕ್ಲಾಸಲ್ಲಿ ಹಾಕಿದಿರಿ, ತಕರಾರು ಬಂತಾ? ಮಳೆಗಾಲದ ಮೊದಲೇ ಅರ್ಜಿ ಹಾಕಬೇಕು.